ಕುದುರೆಯ ಕೆಳಗಿನ ಸುಣ್ಣ

ಗುಂಡ್ಲುಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರು ನಮ್ಮಪ್ಪನ ಚದುರಂಗದ ಜೋಡಿ. ಅಪ್ಪ ಚಾಮರಾಜನಗರದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಐವತ್ತರ ದಶಕದ ಆ ವರ್ಷಗಳಲ್ಲಿ ಭಾನುವಾರ ಬಂತೆಂದರೆ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತುತ್ತಿದ್ದರು. ಒಮ್ಮೆಯೂ ಗೆದ್ದವರಲ್ಲ. ಎದೆನೋವು ಶುರುವಾದ ಮೇಲಂತೂ, ಸಾಯುವುದರೊಳಗೆ ಒಂದಾಟ ಗೆಲ್ಲಲೇಬೇಕೆಂದು ಹಟ ಹಿಡಿದರು. ನನಗೆ ಸಿಟ್ಟು ಬರುತ್ತಿತ್ತು.

ಆ ಮನೆಯಲ್ಲೊಂದು ಪದ್ಧತಿ. ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಕುದುರೆ, ರಾಜನ ಕಾಲಾಳು, ಮಂತ್ರಿಯ ಕಾಲಾಳು ಎಂದು ಬರೆದಿದ್ದರು. ಯಾವುದನ್ನು ಮೊದಲು ನಡೆಸಿ ಆಟ ಶುರುಮಾಡಿದರೋ ಅದರ ಕೆಳಗೆ ಆಡಿದವನೇ ಗೆರೆ ಎಳೆಯಬೇಕು. ಗೆದ್ದರೆ ನೆಟ್ಟಗೆ, ಸೋತರೆ ಅಡ್ಡ.

ಒಂದು ಭಾನುವಾರ ಅಪ್ಪ ಕನ್ನಡಕ ಒರೆಸಿಕೊಂಡು ಗೋಡೆಯ ಮುಂದೆ ನಿಂತರು. ಕಾಲಾಳುಗಳ ಕೆಳಗೆ ಎರಡೂ ಬಗೆಯ ಗೆರೆಗಳು ಬೆರೆತಿದ್ದವು. ಕುದುರೆಯ ಕೆಳಗೆ ಮಾತ್ರ ಎಲ್ಲ ನೆಟ್ಟಗಿನ ಗೆರೆಗಳೇ, ಒಂದೇ ಒಂದು ಅಡ್ಡಗೆರೆಯೂ ಇರಲಿಲ್ಲ.

"ಲೆಕ್ಕ ಎದುರಿಗೇ ಐತಲ್ಲೋ, ಇಷ್ಟು ದಿನ ಕಣ್ಣಿಗೇ ಬೀಳ್ನಿಲ್ವಲ್ಲ!" ಎಂದು ಕುದುರೆ ನಡೆಸಿದರು. ಊಟದ ಹೊತ್ತಿಗೆ ಅವರ ರಾಜ ಮೂಲೆ ಸೇರಿ ಸೋತಿದ್ದ.

"ಹಂಗಾರೆ ಆ ಗೆರೆಗಳು?" ಅಪ್ಪ ಕೇಳಿದರು.

"ಅವೆಲ್ಲ ನಾನು ಗೆದ್ದವು ಕಣ್ರಿ ಮೇಷ್ಟ್ರೇ. ಕುದ್ರೆ ಮೊದ್ಲು ನಡ್ಸೋನು ಈಗ ನಾನೊಬ್ನೇ."

"ಬೇರೆಯೋರು ನಡ್ಸೇ ಇಲ್ವಾ?"

ವ್ಯಾಪಾರಿ ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದರು. ಒಳಬಾಗಿಲಲ್ಲಿ ಕೂತಿದ್ದ ಅವರ ತಾಯಿ ಹೇಳಿದರು: "ನಡ್ಸವ್ರೆ ಕಣಪ್ಪ, ಸೋತೂ ಅವ್ರೆ. ಎಲ್ಲ ಓಗ್ಬುಟ್ರು. ಸತ್ತೋರ ಕೈಗೆರೆ ಗ್ವಾಡೆ ಮ್ಯಾಲೆ ಇರ್ಬಾರ್ದು ಅಂತ ನಾನೇ ಸುಣ್ಣ ಬಳ್ದಿವ್ನಿ."

ಅಪ್ಪ ಗೋಡೆಗೆ ಅಂಗೈ ಒತ್ತಿದರು. ನಾನೂ ಮುಟ್ಟಿದೆ. ಕಾಲಾಳುಗಳ ಕೆಳಗೆ ಸುಣ್ಣ ತೆಳ್ಳಗಿತ್ತು. ಕುದುರೆಯ ಕೆಳಗೆ ಪದರದ ಮೇಲೆ ಪದರ ಕೂತು ಗೋಡೆಯೇ ಉಬ್ಬಿತ್ತು. ಆ ಬಿಸಿಲಿನಲ್ಲೂ ತಣ್ಣಗಿತ್ತು.

"ಮುದುಕರಿಗೆ ಕುದುರೆ ಇಷ್ಟ, ಮುದುಕರು ಸಾಯ್ತಾರೆ. ಇಷ್ಟೇ ಲೆಕ್ಕ," ಎಂದು ಅಪ್ಪ ನಕ್ಕು ತಮ್ಮ ಅಡ್ಡಗೆರೆ ಎಳೆದರು. ಬಸ್ಸಿನಲ್ಲಿ ಮಾತ್ರ ಅಂಗೈಗೆ ಅಂಟಿದ ಬಿಳುಪನ್ನು ಪಂಚೆಗೆ ಉಜ್ಜುತ್ತಲೇ ಇದ್ದರು. ಅದು ಹೋಗಲಿಲ್ಲ.

ದೀಪಾವಳಿಗೆ ಮುಂಚೆಯೇ ಅಪ್ಪ ತೀರಿಕೊಂಡರು. ತಿಥಿ ಮುಗಿಸಿ ಗುಂಡ್ಲುಪೇಟೆಗೆ ಓಡಿದೆ. ಕುದುರೆಯ ಕೆಳಗಿನ ಆ ಗೆರೆಯನ್ನಾದರೂ ಉಳಿಸಿ ಎಂದು ಕೇಳಿಕೊಳ್ಳಬೇಕಿತ್ತು. ಕುದುರೆಯ ಬಗ್ಗೆ ಆ ಗೋಡೆ ಹೇಳಿದ ನಿಜ ಅದೊಂದೇ, ಅದೂ ನಮ್ಮಪ್ಪನ ಕೈಯದು. ಹೋಗುವಷ್ಟರಲ್ಲಿ ಅದರ ಮೇಲೆ ಸುಣ್ಣ ಬಳಿದಾಗಿತ್ತು. ಇನ್ನೂ ಹಸಿಯಾಗಿತ್ತು.

ಕುದೇರು ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಗೋಡೆಯ ಮುಂದೆ ನಿಂತು ಗೆರೆ ಎಣಿಸುತ್ತಿದ್ದರು. "ಕುದ್ರೇಲಿ ಸೋತೋರೇ ಇಲ್ವಲ್ಲ!" ಎನ್ನುತ್ತ ಮಣೆಯ ಮುಂದೆ ಕೂತರು.

"ಕುದುರೆ ಬೇಡ, ಸೋತಿದ್ದಾರೆ," ಎಂದೆ.

"ಎಲ್ಲಿ, ತೋರ್ಸಪ್ಪ ಮತ್ತೆ?"

ಅಪ್ಪನ ಗೆರೆ ಇದ್ದ ಬರಿಯ ಬಿಳಿ ಜಾಗದತ್ತ ಕೈ ಮಾಡಿದೆ. ಅವರು ನಕ್ಕು ಕುದುರೆಗೆ ಕೈ ಹಾಕಿದರು.