ತ್ಯಾವರೆಕೊಪ್ಪದ ಗೇಟಿನ ಎದುರು

ಹೊಸ ರವಿಕೆ ಹೊಲಿಸಬೇಕಾದರೆ ಅಳತೆಗೆಂದು ಹಳೇ ರವಿಕೆಯೊಂದನ್ನು ಜೊತೆಗೆ ಕೊಡುವುದು ಎಲ್ಲ ಊರುಗಳಲ್ಲೂ ಇರುವ ಪದ್ಧತಿ. ನಾನು ಆರನೇ ಕ್ಲಾಸಿನಲ್ಲಿದ್ದ ಕಾಲದಲ್ಲಿ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಮಾತ್ರ ಅದು ಇರಲಿಲ್ಲ. ಬಟ್ಟೆ ತಂದು ನಮ್ಮ ಜಗಲಿಯ ಮೇಲೆ ಇಟ್ಟು ಹೋದರೆ ಮುಗಿಯಿತು. ಅಮ್ಮನಿಗೆ ಎಲ್ಲರ ಅಳತೆಯೂ ಬಾಯಿಪಾಠ. ಒಮ್ಮೆ ಟೇಪು ಹಿಡಿದವರನ್ನು ಮತ್ತೆ ನಿಲ್ಲಿಸಿ ಅಳೆದದ್ದನ್ನು ನಾನು ನೋಡಿಲ್ಲ. ಬಾಣಂತನ ಮುಗಿಸಿ ತವರಿನಿಂದ ಬಂದವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಎದೆ ಹತ್ರ ಸ್ವಲ್ಪ ಬಿಡ್ತೀನಿ, ತೋಳು ಹಂಗೇ ಇರ್ಲಿ" ಅನ್ನುತ್ತಿದ್ದಳು. ಅಷ್ಟರಲ್ಲಿ ಆ ವಿಷಯ ಅವಳ ತಲೆಯಲ್ಲಿ ತನ್ನ ಜಾಗ ಹಿಡಿದು ಕೂತಿರುತ್ತಿತ್ತು.

ಮನೆಯ ತುಂಬಾ ಮಿಷನ್ ಎಣ್ಣೆಯ, ಹೊಸ ಬಟ್ಟೆಯ ಗಂಜಿಯ ವಾಸನೆ. ಬಾಬಿನ್ ಖಾಲಿಯಾದರೆ ನನಗೆ, ಚೂರು ಬಟ್ಟೆ ಉಳಿದರೂ ನನಗೆ. ಒಡೆದ ಗುಂಡಿಗಳನ್ನು ಕಾಯಿ ಮಾಡಿಕೊಂಡು ನಾನೂ ಪಕ್ಕದ ಮನೆಯ ಸೆಲ್ವಿ ಆಂಟಿಯ ಮಗಳೂ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದೆವು. ಅಪ್ಪ ಕಾರ್ಖಾನೆಯಿಂದ ಬಂದವರು ಕಾಲಿಗೆ ಸೂಜಿ ಚುಚ್ಚದಂತೆ ನೋಡಿಕೊಂಡು ಒಳಗೆ ಬರಬೇಕಿತ್ತು.

ಆ ವರ್ಷದ ಗೌರಿ ಹಬ್ಬದಿಂದ ದೀಪಾವಳಿಯವರೆಗಿನ ದಿನಗಳ ಬಗ್ಗೆ ಬರೆಯಲು ಕೂತಿದ್ದೇನೆ. ತೊಡಕು ಏನೆಂದರೆ, ನಮ್ಮ ಮನೆಯ ಮೂವರಿಗೂ ಆ ದಿನಗಳು ಮೂರು ಥರ ನೆನಪಿವೆ. ಅದರಲ್ಲೊಂದು ದಿನ ನನ್ನ ಬಾಲ್ಯದಲ್ಲೇ ಅತ್ಯಂತ ಸಂತೋಷದ್ದು. ಆ ದಿನ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದವಳು ನಮ್ಮಮ್ಮನೋ, ಅಮ್ಮನ ಕಾಯಿಲೆಯೋ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಲಿ ಎಂಬ ಆಸೆಯನ್ನು ಬಿಟ್ಟೂ ಇಲ್ಲ.

ಗೌರಿ ಹಬ್ಬ ಕಳೆಯುತ್ತಿದ್ದಂತೆ ಮನೆಯಲ್ಲಿ ಮಿಷನ್ ಸದ್ದು ನಿಲ್ಲುವುದೇ ಕಡಿಮೆಯಾಯಿತು. ನಾನು ಮಲಗುವಾಗಲೂ ಅಮ್ಮ ಹೊಲಿಯುತ್ತಿದ್ದಳು, ಏಳುವಾಗಲೂ ಹೊಲಿಯುತ್ತಿದ್ದಳು. ಸುಸ್ತು ಅನ್ನುವುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಮಾಮೂಲಿ ದಿನಗಳಲ್ಲಿ ಅಮ್ಮ ಕಡಿಮೆ ಮಾತಿನವಳು. ಆಗ ಮಾತ್ರ ಅವಳ ಮಾತಿಗೆ ನಿಲ್ದಾಣವೇ ಇಲ್ಲ.

"ಸೆಲ್ವಿ ರವಿಕೆಗೆ ಹಸಿರು ದಾರ ತರ್ಬೇಕು, ಹಸಿರು ಅಂದ್ರೆ ನೆನಪಾಯ್ತು, ಕೊತ್ತಂಬರಿ ಇಲ್ಲ, ಕೊತ್ತಂಬರಿನ ಹಿತ್ಲಲ್ಲೇ ಬೆಳೀಬಹುದಲ್ವಾ, ಹಿತ್ಲಿಗೊಂದು ಶೀಟು ಹಾಕಿದ್ರೆ ನಾಕು ಮಿಷನ್ ಇಡಬಹುದು, ನಿಮ್ಮಪ್ಪಂಗೆ ಹೇಳು, ಶೀಟು ಹಾಕೋವ್ರು ಯಾರಿದ್ದಾರೆ ಅಂತ ಕೇಳು..."

ನಾನು ಹಸಿರು ದಾರ ತರಲು ಓಡಬೇಕೋ, ಕೊತ್ತಂಬರಿ ಸೊಪ್ಪು ತರಲು ಓಡಬೇಕೋ ತಿಳಿಯದೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಅಪ್ಪನಿಗೂ ಇದು ವಿಚಿತ್ರ ಅನ್ನಿಸಿತ್ತಂತೆ. ಆದರೆ ದಸರಾ ಹತ್ತಿರ ಬಂದಾಗ ಯಾವ ಟೈಲರ್ ತಾನೇ ನೆಟ್ಟಗೆ ಮಲಗುತ್ತಾನೆ? "ಹಬ್ಬ ಮುಗೀಲಿ, ಎಲ್ಲಾ ಸರಿಹೋಗುತ್ತೆ" ಅಂದುಕೊಂಡು ಸುಮ್ಮನಿದ್ದರಂತೆ. ನನಗಂತೂ ಅವೆಲ್ಲ ಹಬ್ಬದ ದಿನಗಳೇ. ಸುಮ್ಮಸುಮ್ಮನೆ ಕೇಸರಿಬಾತು ಮಾಡುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿದರೆ ಮೊದಲಿನಂತೆ ಸಿಡುಕದೆ ನಗುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ನಮ್ಮ ಸ್ಕೂಲಿನ ಬಾಗಿಲಲ್ಲಿ ಬಂದು ನಿಂತಳು. ಗಣಿತದ ಪೀರಿಯಡ್ಡು ನಡೆಯುತ್ತಿತ್ತು. ಅಮ್ಮ ಮದುವೆಗೆ ಉಡುವ ಕೆಂಪು ರೇಷ್ಮೆ ಸೀರೆ ಉಟ್ಟಿದ್ದಳು. "ಮಿಸ್, ಇವ್ಳ ಅಜ್ಜಿಗೆ ಹುಷಾರಿಲ್ಲ, ಕರ್ಕೊಂಡು ಹೋಗ್ತೀನಿ" ಅಂದಳು. ನಾನು ಅಜ್ಜಿಗೇನಾಯಿತೋ ಎಂದು ಅಳುತ್ತಾ ಬ್ಯಾಗು ಎತ್ತಿಕೊಂಡೆ. ಗೇಟು ದಾಟಿದ ಮೇಲೆ ಅಮ್ಮ ನನ್ನ ಕೆನ್ನೆ ಒರೆಸಿ, "ಅಜ್ಜಿ ಗುಂಡುಕಲ್ಲಿನ ಹಾಗಿದ್ದಾಳೆ ಕಣೆ. ನಾವು ಹುಲಿ ನೋಡೋಕೆ ಹೋಗ್ತಿದ್ದೀವಿ" ಅಂದಳು.

ಶಿವಮೊಗ್ಗದ ಬಸ್ಸು ಹತ್ತಿದೆವು. ಕೋಟೆಯ ಹತ್ತಿರ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಪಕ್ಕದ ಟೇಬಲ್ಲಿನಲ್ಲಿದ್ದ ಯಾರೋ ಹೆಂಗಸಿಗೆ ಅಮ್ಮ, "ನಿಮ್ಮ ರವಿಕೆ ಭುಜ ಜಾರ್ತಿದೆ, ನಮ್ಮ ಮನೆಗೆ ಬನ್ನಿ, ಸರಿ ಮಾಡಿಕೊಡ್ತೀನಿ" ಎಂದು ವಿಳಾಸ ಹೇಳಿದಳು. ಆ ಹೆಂಗಸು ನಕ್ಕರು, ನಾವೂ ನಕ್ಕೆವು. ಅಲ್ಲಿಂದ ಸಾಗರದ ಕಡೆ ಹೋಗುವ ಬಸ್ಸು ಹಿಡಿದು, ಹುಲಿ ಸಿಂಹಗಳ ಸಫಾರಿ ಇರುವ ತ್ಯಾವರೆಕೊಪ್ಪದಲ್ಲಿ ಇಳಿದೆವು.

ಇಲ್ಲಿಂದ ಮುಂದೆ ನನ್ನ ನೆನಪು ಗೋಜಲು. ಜಾಲರಿ ಹಾಕಿದ ವ್ಯಾನಿನೊಳಗೆ ಕೂತದ್ದು, ಮರದ ಬುಡದಲ್ಲಿ ಮಲಗಿದ್ದ ಹುಲಿ ತಲೆ ಎತ್ತಿ ನೋಡಿ ಮತ್ತೆ ಮಲಗಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮುಚ್ಚಿದ ಗೇಟಿನ ಎದುರು ನೆಲದ ಮೇಲೆ ಕೂತು ಮಂಡಕ್ಕಿ ತಿಂದದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಅಪ್ಪ ಹೇಳುವ ಪ್ರಕಾರ ಅವತ್ತು ವಾರದ ರಜೆ, ಒಳಗೆ ಬಿಡಲೇ ಇಲ್ಲ, ಹಾಗಂತ ಸಂಜೆ ಮನೆಗೆ ಬಂದು ವರದಿ ಮಾಡಿದ್ದು ನಾನೇ. ಹುಲಿಯನ್ನು ನೋಡಿದ್ದು ಏಳನೇ ಕ್ಲಾಸಿನಲ್ಲಿ, ಸ್ಕೂಲಿನವರ ಜೊತೆ ಹೋದಾಗ. ಇರಬಹುದು. ಆದರೆ ನನ್ನ ನೆನಪಿನ ವ್ಯಾನಿನಲ್ಲಿ ಪಕ್ಕದಲ್ಲಿ ಕೂತಿರುವುದು ಕೆಂಪು ಸೀರೆ. ಏಳನೇ ಕ್ಲಾಸಿನ ಟ್ರಿಪ್ಪಿಗೆ ಅಮ್ಮ ಬಂದಿರಲಿಲ್ಲವಲ್ಲ.

ಗೇಟಿನ ಎದುರಿನ ಭಾಗದ ಬಗ್ಗೆ ಅನುಮಾನವಿಲ್ಲ. ನಾನು ಮುಖ ಊದಿಸಿಕೊಂಡಿದ್ದೆ. ಅಮ್ಮ, "ಹುಲಿ ಒಳಗಿದ್ರೆ ಇರ್ಲಿ ಬಿಡೆ, ನಾನಿಲ್ವಾ" ಅಂದವಳೇ ರೇಷ್ಮೆ ಸೀರೆಯನ್ನೂ ಲೆಕ್ಕಿಸದೆ ಮೊಣಕಾಲೂರಿ ಗರ್ಜಿಸಿದಳು. ನನ್ನ ಕುತ್ತಿಗೆಗೆ ಬಾಯಿ ಹಾಕಿ ಕಚಗುಳಿ ಇಟ್ಟಳು. ಕಾವಲಿನವನು ಗೇಟಿನೊಳಗಿಂದ ಇಣುಕಿ ನೋಡಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಮ್ಮ ಹಾಗೆ ನನ್ನೊಬ್ಬಳಿಗಾಗಿ, ಕೈಯಲ್ಲಿ ಸೂಜಿ ಇಲ್ಲದೆ, ಪೂರ್ತಿ ಒಂದು ಮಧ್ಯಾಹ್ನ ಕೂತದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಅಪ್ಪ ಬೈದರು. ನನಗೆ ಅದು ತಾಗಲೇ ಇಲ್ಲ.

ಆಯುಧಪೂಜೆಯ ಹಿಂದಿನ ದಿನ ಅಮ್ಮ ರವಿಕೆಗಳನ್ನೆಲ್ಲ ಹಂಚಿದಳು. ಸಂಜೆಯೊಳಗೆ ನಮ್ಮ ಜಗಲಿಯಲ್ಲಿ ಜಾತ್ರೆ. ಸೆಲ್ವಿ ಆಂಟಿ ತಮ್ಮ ಹಸಿರು ರವಿಕೆ ಹಿಡಿದುಕೊಂಡು ಬಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

"ಎನ್ನಕ್ಕಾ, ಇದು ನಂದಾ? ಇದ್ರಲ್ಲಿ ಇಬ್ಬರು ಸೆಲ್ವಿ ಹಿಡೀತಾರೆ."

ಇನ್ನೊಬ್ಬರಿಗೆ ತೋಳು ಏರಲಿಲ್ಲ. ಮತ್ತೊಬ್ಬರಿಗೆ ಹುಕ್ಕು ಹತ್ತಿರಕ್ಕೇ ಬರಲಿಲ್ಲ. ಹೊಲಿಗೆಯಲ್ಲಿ ಒಂದೇ ಒಂದು ತಪ್ಪಿಲ್ಲ, ಅಂಚು ಕೂಡಾ ಸುಕ್ಕಿಲ್ಲ. ಆದರೆ ಅವರ ಬಟ್ಟೆಗೆ ಇವರ ಅಳತೆ, ಇವರ ಬಟ್ಟೆಗೆ ಅವರ ಅಳತೆ. ಅಳತೆ ರವಿಕೆಯನ್ನು ಯಾರೂ ಕೊಟ್ಟಿರಲಿಲ್ಲವಾದ್ದರಿಂದ ಹೋಲಿಸಿ ನೋಡಲು ಏನೂ ಇರಲಿಲ್ಲ. ಅಮ್ಮ ಒಪ್ಪಲೇ ಇಲ್ಲ. "ನಂಗೆ ಗೊತ್ತಿಲ್ವಾ ನಿಮ್ಮ ಅಳತೆ? ನೀವೇ ದಪ್ಪ ಆಗಿದ್ದೀರ, ನೀವೇ ಸಣ್ಣ ಆಗಿದ್ದೀರ" ಎಂದು ಒಬ್ಬೊಬ್ಬರಿಗೂ ಬೆರಳು ತೋರಿಸಿ ಜೋರಾಗಿ ನಕ್ಕಳು. ಮೊದಲು ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಬ್ಬಕ್ಕೆ ಬೇರೆ ದಾರಿಯಿಲ್ಲದೆ ನಮ್ಮ ಸಾಲಿನ ಹೆಂಗಸರು ತಮ್ಮತಮ್ಮಲ್ಲೇ ರವಿಕೆ ಬದಲಾಯಿಸಿಕೊಂಡರು. ಯಾರಿಗೆ ಯಾವುದು ಹಿಡಿಯಿತೋ ಅದು ಅವರದ್ದು. ಮರುದಿನ ಎಲ್ಲರೂ ತಮ್ಮ ಸೀರೆಗೆ ಬೇರೆಯವರ ರವಿಕೆ ತೊಟ್ಟು ಅರಿಶಿನ ಕುಂಕುಮಕ್ಕೆ ಓಡಾಡಿದರು. ನೇರಳೆ ಸೀರೆಗೆ ಹಳದಿ ರವಿಕೆ, ಗುಲಾಬಿಗೆ ಹಸಿರು. ನನಗೆ ಅದು ಹೊಸ ಆಟದಂತೆ ಕಾಣಿಸಿತು. ಅಮ್ಮನಿಗೆ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿದ ಸೆಲ್ವಿ ಆಂಟಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲವಂತೆ, ಹಾಗಾಗಿ ದೃಷ್ಟಿಯೇ ಸರಿ ಅಂದರು. ನನಗೇನೋ ಕೆಮ್ಮು ಬಂದಿತ್ತು.

ದಸರಾ ರಜೆ ಮುಗಿಯುವಷ್ಟರಲ್ಲಿ ಮಿಷನ್ ನಿಂತಿತು. ಅಮ್ಮ ಅದರ ಮುಂದೆಯೇ ಕೂತಿರುತ್ತಿದ್ದಳು, ಕಾಲು ಪೆಡಲಿನ ಮೇಲೆ, ಕೈ ಮಡಿಲಲ್ಲಿ. ನನ್ನ ಯೂನಿಫಾರಂ ಲಂಗ ಉದ್ದ ಮಾಡಬೇಕಿತ್ತು. ಟೇಪನ್ನು ನನ್ನ ಸೊಂಟಕ್ಕೆ ಹಿಡಿದಳು, ಕೆಳಗೆ ಬಿಟ್ಟಳು, ನೋಡಿದಳು. ಮತ್ತೆ ಸೊಂಟಕ್ಕೆ ಹಿಡಿದಳು.

"ಎಷ್ಟು ಅಂದೆ ನಾನು?"

"ನೀನು ಹೇಳೇ ಇಲ್ಲ ಅಮ್ಮಾ."

"ಹೌದಾ" ಅಂದಳು. ಟೇಪನ್ನು ಮಡಿಲಿಗೆ ಹಾಕಿಕೊಂಡು, "ನೀನೀಗ ಎಷ್ಟನೇ ಕ್ಲಾಸು?" ಎಂದು ಕೇಳಿದಳು.

ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಾನು ನಕ್ಕೆ. ಅಮ್ಮ ನಗಲಿಲ್ಲ. ಆಮೇಲೆ ನನಗೆ ಹೆದರಿಕೆಯಾಯಿತು. ನನ್ನ ಮೇಲೆ ಸಿಟ್ಟಿರಬೇಕು, ಸ್ಕೂಲು ತಪ್ಪಿಸಿ ಹುಲಿ ನೋಡಲು ಹೋದದ್ದಕ್ಕೆ ದೇವರು ಏನೋ ಮಾಡಿರಬೇಕು ಅಂತೆಲ್ಲ ಯೋಚಿಸಿದೆ. "ಅಮ್ಮಾ, ಮತ್ತೆ ತ್ಯಾವರೆಕೊಪ್ಪಕ್ಕೆ ಹೋಗೋಣ್ವಾ?" ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅಲ್ಲಿಗೆ ಹೋದರೆ ಆ ಅಮ್ಮ ವಾಪಸ್ ಸಿಗುತ್ತಾಳೆ ಎಂಬುದು ನನ್ನ ಲೆಕ್ಕ. ಅವಳು ನನ್ನ ಕಡೆ ತಿರುಗಿ, "ಎಲ್ಲಿಗೆ?" ಅಂದಳು.

ಸುದ್ದಿ ತಿಳಿದು ಅಪ್ಪನ ಅಮ್ಮ ಊರಿನಿಂದ ಬಂದರು, ಗದ್ದೆ ಬದುವಿನಿಂದ ಕಿತ್ತ ಒಂದೆಲಗದ ಸೊಪ್ಪಿನ ಗಂಟಿನ ಸಮೇತ. ಬುದ್ಧಿಗೆ, ನೆನಪಿಗೆ ಒಂದೆಲಗಕ್ಕಿಂತ ಬೇರೆ ಔಷಧಿಯಿಲ್ಲ ಎಂಬುದು ಅಜ್ಜಿಯ ನಂಬಿಕೆ. ದಿನಾ ಒಂದೆಲಗದ ತಂಬುಳಿ, ಒಂದೆಲಗದ ಚಟ್ನಿ. "ತಿನ್ನೆ ಸರೋಜ, ತಲೆ ತಣ್ಣಗಾಗುತ್ತೆ ಮಾರಾಯ್ತಿ" ಎಂದು ಅಜ್ಜಿ ಬಡಿಸುತ್ತಿದ್ದರು. ಅಮ್ಮ ಎದುರಾಡದೆ ತಿನ್ನುತ್ತಿದ್ದಳು, ಉಪ್ಪು ಹೆಚ್ಚಾದರೂ ತಿನ್ನುತ್ತಿದ್ದಳು. ನನಗೂ ಪಾಲು ಸಿಗುತ್ತಿತ್ತು. ಅದನ್ನು ತಿಂದು ನನಗೆ ಹತ್ತೊಂಬತ್ತರ ಮಗ್ಗಿ ಬಂತು, ಅಮ್ಮನಿಗೆ ನನ್ನ ಕ್ಲಾಸು ನೆನಪಾಗಲಿಲ್ಲ.

ಕೊನೆಗೆ ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರಿಂದ ಅಪ್ಪ ಅವಳನ್ನು ಶಿವಮೊಗ್ಗಕ್ಕೆ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮನೆಯಲ್ಲಿರಲು ನಾನು ಒಪ್ಪದೆ ಜೊತೆಗೆ ಹೋದೆ. ಡಾಕ್ಟರಮ್ಮ ಮೆಲ್ಲಗೆ ಮಾತಾಡುವವರು. ಇದು ಯಾವಾಗ ಶುರುವಾಯಿತು ಎಂದು ಕೇಳಿದರು. "ದಸರಾ ಆದ್ಮೇಲೆ ಮೇಡಂ. ಮರೆವು, ಮಂಕು" ಅಂದರು ಅಪ್ಪ. ಅದಕ್ಕೆ ಮೊದಲು ಹೇಗಿದ್ದರು ಎಂದು ಅವರು ಮತ್ತೆ ಕೇಳಿದರು. ನನಗೆ ತಡೆಯಲಾಗಲಿಲ್ಲ. ಅಮ್ಮ ಎಷ್ಟು ಚೆನ್ನಾಗಿದ್ದಳು ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿ ಇತ್ತಲ್ಲ.

"ಮೊದ್ಲು ಅಮ್ಮ ತುಂಬಾ ಚೆನ್ನಾಗಿದ್ಲು. ರೇಷ್ಮೆ ಸೀರೆ ಉಟ್ಕೊಂಡು ಬಂದು ನನ್ನನ್ನ ಸ್ಕೂಲಿಂದ ಕರ್ಕೊಂಡು ಹೋದ್ಲು. ದಾರೀಲಿ ಎಲ್ಲರ ಹತ್ರನೂ ಮಾತಾಡಿದ್ಲು. ಹುಲಿ ಥರ ಕೂಗಿದ್ಲು. ನಿದ್ದೆನೂ ಬೇಕಾಗಿರ್ಲಿಲ್ಲ ಅವ್ಳಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಹೌದಾ ಪುಟ್ಟಾ" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಆಗ್ಲೇ ಶುರುವಾಗಿತ್ತು ಅನ್ಸುತ್ತೆ" ಅಂದರು.

ಅವರು ಮುಂದೆ ಹೇಳಿದ್ದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ. ಮನಸ್ಸು ಅಷ್ಟು ವೇಗವಾಗಿ ಓಡುವಾಗ ಕಂಡದ್ದು ಕೇಳಿದ್ದು ಸರಿಯಾಗಿ ಒಳಗೆ ಕೂರುವುದಿಲ್ಲ, ಕುಗ್ಗಿದಾಗ ಒಳಗೆ ಇದ್ದದ್ದೂ ಕೈಗೆ ಸಿಗುವುದಿಲ್ಲ, ಇವೆರಡೂ ಒಂದೇ ಕಾಯಿಲೆ ಎಂದರಂತೆ. ಆದರೆ "ಆಗ್ಲೇ ಶುರುವಾಗಿತ್ತು" ಎಂಬ ಮಾತು ಅವತ್ತೇ ಅರ್ಥವಾಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು, ನಾನು ಕಿಟಕಿಯ ಕಡೆ ತಿರುಗಿಕೊಂಡು ಅತ್ತೆ. ನನ್ನ ಅಷ್ಟು ಒಳ್ಳೆಯ ದಿನವನ್ನು ಯಾರೋ ಕಾಯಿಲೆಯ ಲೆಕ್ಕಕ್ಕೆ ಸೇರಿಸಿಕೊಂಡುಬಿಟ್ಟಿದ್ದರು.

ಮಾತ್ರೆ ಹಿಡಿದ ಮೇಲೆ ಅಮ್ಮ ನಿಧಾನಕ್ಕೆ ಚೇತರಿಸಿಕೊಂಡಳು. ನನ್ನ ಕ್ಲಾಸು, ನೆರೆಯವರ ಹೆಸರು, ಸಾರಿಗೆ ಎಷ್ಟು ಉಪ್ಪು ಎಲ್ಲ ಮರಳಿ ಬಂದವು. ಅಳತೆಗಳು ಮಾತ್ರ ಪೂರ್ತಿ ಬರಲಿಲ್ಲ. ಮಧ್ಯೆ ಒಂದೆರಡು ಸಲ ಕಾಯಿಲೆ ತಿರುಗಿ ಬಂತು, ಹೋಯಿತು. ಅಪ್ಪ ನಿವೃತ್ತರಾದ ಮೇಲೆ ನಾವೆಲ್ಲ ಒಟ್ಟಿಗೇ ಶಿವಮೊಗ್ಗದ ಆಲ್ಕೊಳದಲ್ಲಿದ್ದೇವೆ. ಅಮ್ಮ ಚೆನ್ನಾಗಿದ್ದಾಳೆ. ಕೆಟ್ಟಿರುವುದು ನಮ್ಮ ಕಿವಿ. ಅಮ್ಮ ಸ್ವಲ್ಪ ಜೋರಾಗಿ ನಕ್ಕರೆ ಸಾಕು, ಅಪ್ಪ ಪೇಪರ್ ಇಳಿಸಿ ನೋಡುತ್ತಾರೆ. ಫೋನಿನಲ್ಲಿ ಯಾರ ಹತ್ತಿರವಾದರೂ ಹೆಚ್ಚು ಹೊತ್ತು ಮಾತಾಡಿದರೆ ನಾನು ಅಡುಗೆಮನೆಯಿಂದಲೇ ಕಿವಿಗೊಡುತ್ತೇನೆ. ಅವಳು ನಗುತ್ತಿದ್ದರೆ ಜೊತೆಗೆ ನಕ್ಕುಬಿಡುವುದು ನಮಗೆ ಮರೆತೇ ಹೋಗಿದೆ.

ಮೊನ್ನೆ ಇಬ್ಬರೂ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಇಷ್ಟು ವರ್ಷ ಬಾಯಿಗೆ ಬಂದು ನಿಲ್ಲುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಅವತ್ತು ಸ್ಕೂಲಿಗೆ ಬಂದು ಯಾಕೆ ಕರ್ಕೊಂಡು ಹೋದೆ?"

"ಗೇಟು, ಹುಲಿ ಒಂದೂ ನೆನಪಿಲ್ಲ ಕಣೆ" ಅಂದಳು ಅಮ್ಮ. "ಬೆಳಿಗ್ಗೆ ಜಡೆ ಹಾಕೋವಾಗ ಎಳೆದುಬಿಟ್ಟೆ. ನೀನು ಅತ್ಕೊಂಡು, ತಿಂಡಿ ತಿನ್ನದೆ ಹೋದೆ. ಹೊಲೀತಾ ಕೂತಿದ್ರೂ ನಿನ್ನ ಮುಖನೇ ಕಣ್ಣಿಗೆ ಕಟ್ಟಿತ್ತು. ಮನಸ್ಸು ತಡೀಲಿಲ್ಲ, ಎದ್ದು ಬಂದೆ."

ನಾನು ಅತ್ತದ್ದಾಗಲಿ ತಿಂಡಿ ಬಿಟ್ಟದ್ದಾಗಲಿ ನನಗೆ ನೆನಪಿಲ್ಲ. "ನಿಜವಾಗ್ಲೂ ನೆನಪಿದ್ಯಾ, ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀಯಾ?"

"ಯಾರಿಗೆ ಗೊತ್ತು ಮಾರಾಯ್ತಿ. ನನ್ನ ತಲೇನ ನಾನೇ ನಂಬಲ್ಲ, ನೀನ್ಯಾಕೆ ನಂಬ್ತೀಯಾ?" ಅಂದವಳೇ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು, ಮಡಿಲಲ್ಲಿದ್ದ ಕಾಳೆಲ್ಲ ನೆಲಕ್ಕೆ ಬೀಳುವಷ್ಟು ನಕ್ಕಳು. ಅವತ್ತು ಬಂದವಳು ಇವಳೇ ಎಂದು ಆ ಕ್ಷಣದಲ್ಲಿ ನಂಬಿದೆ. ನಂಬಿಕೆ ಪೂರ್ತಿಯಾಗುವ ಮೊದಲೇ ನನ್ನ ಬಾಯಿ ಕೇಳಿತು:

"ಅಮ್ಮಾ, ರಾತ್ರಿ ಸರಿಯಾಗಿ ನಿದ್ದೆ ಬಂತಾ?"

ಅಮ್ಮನ ನಗು ನಿಂತಿತು. "ಬಂತು" ಅಂದು, ಬಗ್ಗಿ ಕಾಳು ಆರಿಸತೊಡಗಿದಳು.