ವೀಸಾಕ್ಕೆ ಬೇಕಾದ ಅತ್ತೆ

ಪರದೇಶ ನೋಡುವ ಹುಚ್ಚು ಹತ್ತಿದ್ದು ನನಗಲ್ಲ, ನನ್ನ ಗಂಡನಿಗೂ ಅಲ್ಲ, ಎಪ್ಪತ್ತು ದಾಟಿದ ಅವ್ವನಿಗೆ. ಅವಳ ತವರು ವಿರೂಪಾಪುರಗಡ್ಡೆ. ಸುತ್ತ ತುಂಗಭದ್ರೆ, ನಡುವೆ ಭತ್ತದ ಗದ್ದೆ, ಮಿಕ್ಕಿದ್ದೆಲ್ಲ ಕಲ್ಲು. ಸಂಜೆ ಆ ಕಲ್ಲುಗಳ ಮೇಲೆ ಬಿಳಿಯ ಜನ ಬಂದು ಮಾತಿಲ್ಲದೆ ಕೂತು, ಸೂರ್ಯ ಮುಳುಗುವುದನ್ನು ನೋಡಿ ಎದ್ದು ಹೋಗುತ್ತಿದ್ದರು. ತವರಿಗೆ ಹೋದಾಗಲೆಲ್ಲ ಅವ್ವ ಅದನ್ನು ಕಂಡು, "ಇವ್ರ ಊರಾಗ ಹೊತ್ತು ಮುಣುಗೂದಿಲ್ಲೇನು? ಒಮ್ಮಿ ನಾನೂ ಹೋಗಿ ಇವ್ರ ಊರಾಗ ಕುಂತು ನೋಡಿ ಬರ್ತೀನಿ" ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಮೊಣಕಾಲು ನೋವು ಶುರುವಾದ ಮೇಲೆ ಅವಳ ಮಾತಿಗೆ ಅವಸರ ಬಂತು. "ಕಾಲು ಇರೂತನಕ ಅಷ್ಟ ನೋಡ್ರಿ" ಅಂದಳು. ನನ್ನ ಗಂಡ ಗಿಣಿಗೇರಾದ ಕಾರ್ಖಾನೆಯಿಂದ ನಿವೃತ್ತನಾಗಿದ್ದ, ನನಗೆ ಮರಳಿ ಊರಿನ ಶಾಲೆಯಲ್ಲಿ ಪಾಠ ಮುಗಿದು ಬೇಸಿಗೆ ರಜೆ ಬರುವುದಿತ್ತು. ಮೂವರೂ ಯುರೋಪಿಗೆ ಹೋಗಿ ಬರುವುದೆಂದು ನಿಶ್ಚಯವಾಯಿತು.

ಇಲ್ಲಿ ನಮ್ಮ ಮನೆಯ ಸಂಬಂಧ ಹೇಳಬೇಕು. ನನ್ನ ಗಂಡ ನನ್ನ ಸೋದರಮಾವ, ಅವ್ವನ ಖಾಸಾ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ರೊಟ್ಟಿ ತಿಂದಷ್ಟು ಸಹಜ. ಅವನನ್ನು ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ ಆ ಕೂಸನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ಅವಳಿಗೆ ಅವನು 'ತಮ್ಮಾ', ಅವನಿಗೆ ಅವಳು 'ಅಕ್ಕಾ'. ನನ್ನನ್ನು ಅವನಿಗೆ ಕೊಟ್ಟ ಮೇಲೂ ಇದರಲ್ಲಿ ಏನೂ ಬದಲಾಗಲಿಲ್ಲ. ಉಣ್ಣುವಾಗ ಫೋನ್ ನೋಡಿದರೆ ಈಗಲೂ ಅವನ ಮುಂಗೈಗೆ ಸೌಟಿನಿಂದ ಒಂದು ಬಿಡುತ್ತಿದ್ದಳು. ನನ್ನ ತಂಗಿಯ ಗಂಡ ಹಾಗಲ್ಲ, ಕುಷ್ಟಗಿಯವನು, ಹೊರಗಿನ ಸಂಬಂಧ. ಅವನು ಬಂದರೆ ಅವ್ವ ತಲೆ ತುಂಬ ಸೆರಗು ಹೊದ್ದು, ಬಾಗಿಲ ಮರೆಗೆ ನಿಂತು, "ಬರ್ರಿ ಅಳಿಯಾರ, ಕುಂದರ್ರಿ" ಎನ್ನುತ್ತಾಳೆ. ಅವನು ಇರುವಷ್ಟು ಹೊತ್ತೂ ಅವಳು ಕೂರುವುದಿಲ್ಲ.

ಗಂಗಾವತಿಯಲ್ಲಿ ಅಕ್ಕಿ ಅಂಗಡಿಯ ಮಾಳಿಗೆ ಮೇಲೆ ವೀಸಾ ಮಾಡಿಸಿಕೊಡುವ ಒಬ್ಬನಿದ್ದಾನೆ. ಅವನ ಮೆಟ್ಟಿಲ ಮೂಲೆಮೂಲೆಯೂ ಗುಟ್ಕಾದ ಕೆಂಪು. ಸೀರೆ ಎತ್ತಿ ಹಿಡಿದುಕೊಂಡೇ ಹತ್ತಬೇಕು. ಅವನು ಬಾಯಿ ತುಂಬಿಕೊಂಡು ಗದ್ದ ಮೇಲೆತ್ತಿ ಮಾತಾಡುತ್ತಿದ್ದ. "ನೀವು ತಿರುಗಿ ಬರ್ತೀರಿ ಅನ್ನೂದಕ್ಕ ಸಾಕ್ಷಿ ಬೇಕ್ರಿ. ಹೊಲದ ಪಹಣಿ, ಮನಿ ಟ್ಯಾಕ್ಸು, ಸಾಲಿ ರಜಾ ಪತ್ರ, ಎಲ್ಲಾ ತರ್ರಿ."

ನನಗೆ ಮೈ ಉರಿಯಿತು. ಗಡ್ಡೆಯಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡು, ನಮ್ಮ ಅಜ್ಜನ ಕಟ್ಟೆಯ ಮೇಲೆ ಮೊಸರನ್ನ ಉಂಡ ಆ ಬಿಳಿಯ ಜನರನ್ನು 'ನೀವು ವಾಪಸ್ ಹೋಗುತ್ತೀರೆಂದು ಏನು ಗ್ಯಾರಂಟಿ' ಎಂದು ನಾವು ಕೇಳಿದ್ದೆವೇ? ತಾ ಕಳ್ಳ, ಪರರ ನಂಬ. ಆದರೂ ಅವ್ವನ ಮೊಣಕಾಲು ನೆನೆದು ಕಚೇರಿ ಕಚೇರಿ ಅಲೆದೆ. ಒಂದೊಂದು ಕಾಗದ ಕೈಗೆ ಬಂದಾಗಲೂ, ಮಾಡದ ಕಳ್ಳತನಕ್ಕೆ ಜಾಮೀನು ಕಟ್ಟಿದ ಹಾಗೆ ಅಸಹ್ಯವಾಗುತ್ತಿತ್ತು.

ಆಮೇಲೆ ಅರ್ಜಿ. ಜೊತೆಗೆ ಯಾರು ಬರುತ್ತಾರೆ, ಅವರು ನಿಮಗೆ ಏನಾಗಬೇಕು ಎಂದು ಅದರಲ್ಲಿ ಕೇಳಿದ್ದರು. ನಮ್ಮ ನಮ್ಮ ಅರ್ಜಿ ನಾವೇ ಮನೆಯಲ್ಲಿ ಕೂತು ತುಂಬಿದ್ದೆವು. ಅವ್ವನ ಹೆಸರಿನ ಮುಂದೆ ನಾನು ತಾಯಿ ಎಂದು ಬರೆದಿದ್ದೆ, ಗಂಡ ಅಕ್ಕ ಎಂದು ಬರೆದಿದ್ದ. ಬೇರೆ ಏನು ಬರೆಯಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಏಜೆಂಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಮುಖ ಕಿವುಚಿದ.

"ಅಲ್ರೀ ಮೇಡಂ, ನಿಮ್ಮ ತಾಯಿ ನಿಮ್ಮ ಯಜಮಾನ್ರಿಗೆ ಅಕ್ಕ ಅಂದ್ರ ಹೆಂಗ್ರಿ? ಫಾರಿನ್‌ನವ್ರು ಇದನ್ನ ಓದಿದ್ರ ಹೇಸ್ಕೋತಾರ. ರಿಜೆಕ್ಟ್ ಆಗೂದ ಗ್ಯಾರಂಟಿ."

"ನೀವು ಯಾರನ್ನ ಮಾಡ್ಕೊಂಡೀರಿ?" ಎಂದು ಕೇಳಿದೆ.

ಅವನು ಡಬ್ಬಿಗೆ ಉಗುಳಿ, "ನಾನೂ ಅಕ್ಕನ ಮಗಳನ್ನ ಮಾಡ್ಕೊಂಡೀನ್ರಿ. ಆದ್ರ ನಾ ಎಲ್ಲಿ ಫಾರಿನ್ನಿಗೆ ಹೊಂಟೀನಿ?" ಎಂದ.

ಕಾಣದ ಊರಿನ ಕಾಣದ ಜನ ಹೇಸಿಕೊಂಡಾರೆಂದು ತನ್ನ ಹೆಂಡತಿಯ ಬಗ್ಗೆ ತಾನೇ ಮೊದಲು ಹೇಸಿಕೊಂಡು ಕೂತಿದ್ದನಲ್ಲ ಈ ಮನುಷ್ಯ! ಅವನೇ ಮತ್ತೆ ನನ್ನ ಪಕ್ಕ ಕೂತಿದ್ದ ಗಂಡನ ಕಡೆ ತಿರುಗಿ ದಾರಿ ತೋರಿಸಿದ: "ಅತ್ತಿ ಅಂತ ಬರೀರಿ ಸರ್. ಸುಳ್ಳೇನಲ್ಲಲ್ಲ?" ಸುಳ್ಳಾಗಿದ್ದರೆ ಬೈದು ಎದ್ದು ಬರಬಹುದಿತ್ತು. ನನ್ನ ಗಂಡ ಪೆನ್ನು ತೆಗೆದುಕೊಂಡ. "ಅಕ್ಕನ ಕಾಲು ಇನ್ನ ಎಷ್ಟು ದಿನಾ ನಡದಾವು" ಎಂದು ತನಗೇ ಹೇಳಿಕೊಂಡು, ಹೊಸ ಅರ್ಜಿಯಲ್ಲಿ ಅತ್ತೆ ಎಂದು ಬರೆದ. ಏಜೆಂಟ್ ಅವನಿಗೆ ಬಾಯಿಪಾಠವನ್ನೂ ಮಾಡಿಸಿದ. "ಕೌಂಟರಿನಾಗ ಕೇಳಿದ್ರ ಅತ್ತಿ ಅನ್ರಿ. ಬಾಯಿ ತಪ್ಪಿ ಅಕ್ಕ ಅಂದ್ರ ಕೆಟ್ಟಿತು." ಅವ್ವನಿಗೆ ನಾವು ಇದೇನನ್ನೂ ಹೇಳಲಿಲ್ಲ.

ಬೆಂಗಳೂರಿನ ಕೌಂಟರಿನಲ್ಲಿ ಗಾಜಿನ ಹಿಂದೆ ಒಬ್ಬ ಹುಡುಗಿ, ಅಚ್ಚ ಕನ್ನಡದವಳು. ನಮ್ಮ ಕಾಗದಗಳನ್ನು ತಿರುವುತ್ತ ನನ್ನ ಗಂಡನನ್ನು, "ಇವರು ನಿಮಗೇನಾಗಬೇಕು?" ಎಂದು ಕೇಳಿದಳು.

"ನಮ್ಮ ಅತ್ತಿ" ಎಂದ.

ಅವ್ವ ಅವನ ಮಗ್ಗುಲಲ್ಲೇ ನಿಂತಿದ್ದಳು. ಯಾರನ್ನು ಹೇಳುತ್ತಿದ್ದಾನೆಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಹುಡುಗಿ ತಲೆಯನ್ನೂ ಎತ್ತದೆ ಸರಿ ಎಂದು ಮುಂದಿನ ಹಾಳೆ ತಿರುವಿದಳು. ಅಕ್ಕ ಎಂದಿದ್ದರೂ ಹಾಗೇ ತಿರುವುತ್ತಿದ್ದಳೇನೋ. ಅವ್ವ ಮೆಲ್ಲಗೆ ಸೆರಗು ಎಳೆದು ತಲೆಯ ಮೇಲೆ ಹೊದ್ದಳು. "ಅಜ್ಜಿ, ಫೋಟೋಕ್ಕೆ ಸೆರಗು ತೆಗೀರಿ" ಅಂದಾಗ ತೆಗೆದಳು. ಫೋಟೋ ಮುಗಿದ ಕೂಡಲೇ ಮತ್ತೆ ಹೊದ್ದಳು.

ಊರಿಗೆ ಬರುವ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಬಿಟ್ಟು ನನ್ನ ಬಳಿ ಬಂದು ಕೂತಳು. "ಕಾಗದಕ್ಕ ಅಷ್ಟ ಅವ್ವಾ, ನಿನ್ನ ಸಲುವಾಗೇ ಮಾಡಿದ್ದು" ಎಂದು ಎಲ್ಲ ತಿಳಿಸಿ ಹೇಳಿದೆ.

"ಕಾಗದಕ್ಕ ಆಗಿದ್ರ ಕಾಗದದಾಗ ಇರ್ತಿತ್ತು. ಅವ ನನ್ನ ಮುಂದ ಬಾಯಿ ಬಿಟ್ಟು ಅಂದ" ಎಂದಳು.

ವೀಸಾ ಸಿಕ್ಕಿತು, ಮೂವರಿಗೂ. ಏಜೆಂಟ್ ಫೋನ್ ಮಾಡಿ, "ನಾ ಹೇಳಿದ್ನಿಲ್ರಿ? ಪೇಡೆ ತರ್ರಿ" ಎಂದು ನಕ್ಕ. ಫೋನಿನಲ್ಲೂ ಆ ಗುಟ್ಕಾದ ನಾತ ಬಂದಂತಾಗಿ ಕಟ್ ಮಾಡಿದೆ. ನನ್ನ ಗಂಡ ಮಾತ್ರ ಪಾಸ್‌ಪೋರ್ಟು ಹಿಡಿದು ಅಡುಗೆಮನೆಗೆ ಓಡಿದ. ಅವ್ವ ಒಲೆಯ ಮುಂದೆ ಕೂತು ಝುಣಕ ತಿರುವುತ್ತಿದ್ದಳು.

"ಅಕ್ಕಾ, ಬಂತು ನೋಡು! ಹೊಂಟಿವಿ!"

ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. ಸೆರಗು ಹೊದ್ದು ಬಾಗಿಲ ಮರೆಗೆ ಸರಿದು ನಿಂತಳು. "ಛಲೋ ಆತ್ರಿ ಅಳಿಯಾರ. ನೀವಿಬ್ರೂ ಹೋಗಿ ಬರ್ರಿ. ಅಳಿಯಾರ ಜೋಡಿ ಅತ್ತಿ ಊರೂರು ತಿರುಗಬಾರದು. ಹೊತ್ತು ಮುಣುಗೂದು ಇಲ್ಲೂ ಕಾಣತೈತಿ."

ಅವನು ಒಲೆಯ ಮುಂದೆ ಕೂತ. "ಬೇಕಾದ್ರ ಬಡಿ ಬೇ ಅಕ್ಕಾ" ಎಂದು ಮುಂಗೈ ಚಾಚಿದ. ಸೌಟು ಇನ್ನೂ ಅವಳ ಕೈಯಲ್ಲೇ ಇತ್ತು.

"ಅಳಿಯಾರ ಮ್ಯಾಲೆ ಕೈ ಎತ್ತತಾರೇನ್ರಿ?" ಎಂದು ಅದನ್ನು ತೊಳೆದು ಗೂಟಕ್ಕೆ ಹಾಕಿದಳು.