ಏಳು ಗದ್ದೆಗೆ ಒಂದೇ ಅಧ್ಯಾಯ

ಹೊಂಗೆ ಎಣ್ಣೆ ದೀಪದ ವಾಸನೆ ನನ್ನ ಪಾಲಿಗೆ ತಾತನ ವಾಸನೆ. ಸ್ವಲ್ಪ ಕಹಿ, ಸ್ವಲ್ಪ ಹೊಗೆ, ಜೊತೆಗೆ ಒಂದಿಷ್ಟು ಸುಟ್ಟ ಬತ್ತಿ. ನಾನು ಐದಾರು ವರ್ಷದವಳಿದ್ದಾಗ ತಾತ ಬೆಳಗಿನ ಜಾವ ಪಾರಾಯಣಕ್ಕೆ ಕೂರುತ್ತಿದ್ದರು. ನಾನು ಅವರ ಪಂಚೆಯ ಅಂಚು ಹೊದ್ದು ಪಕ್ಕದಲ್ಲೇ ಮಲಗಿರುತ್ತಿದ್ದೆ. ಆಮೇಲೆ ಮನೆಗೆ ಸೀಮೆಎಣ್ಣೆ ಬಂತು, ಕರೆಂಟು ಬಂತು, ಆ ವಾಸನೆ ಹೋಯಿತು. ಐವತ್ತು ವರ್ಷಕ್ಕೂ ಮೇಲಾಯಿತು. ಹೋದ ವಾರ, ಕೆರಗೋಡಿನಿಂದ ಎರಡು ಮೈಲಿ ಒಳಗಿರುವ ಒಂದು ಹಳ್ಳಿಯ ಕೆರೆಯ ಕೆಳಗೆ, ಅದು ಮತ್ತೆ ಸಿಕ್ಕಿತು.

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೋಡ ಮುಚ್ಚಿದೆ. ಕಾಲುವೆಯ ಬದುವಿನ ಮೇಲೆ ಒಂದು ಮಣ್ಣಿನ ಹಣತೆ, ಗಾಳಿಗೆ ಮರೆಯಾಗಿ ಅರ್ಧ ಒಡೆದ ಮಡಕೆ. ಅದರ ಮುಂದೆ ಕಂಬಳಿ ಹೊದ್ದ ಒಬ್ಬರು ಮೊಣಕಾಲ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಾರೆ. ಅವರ ಎಡಕ್ಕೆ ಕಾಲುವೆಯ ನೀರು ಗುಳುಗುಳು ಎಂದು ಗದ್ದೆಗೆ ನುಗ್ಗುತ್ತಿದೆ. ಓದು ಮುಗಿಯುತ್ತದೆ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಳ್ಳುತ್ತಾರೆ. ಸನಿಕೆಯಿಂದ ನಾಲ್ಕು ಹೆಂಟೆ ಮಣ್ಣೆತ್ತಿ ಆ ಗದ್ದೆಯ ಬಾಯಿ ಮುಚ್ಚುತ್ತಾರೆ. ಹಣತೆ ಹಿಡಿದು ಮುಂದಿನ ಗದ್ದೆಗೆ ನಡೆದು ಅದರ ಬಾಯಿ ತೆಗೆದು ಮತ್ತೆ ಕೂರುತ್ತಾರೆ. ಪುಸ್ತಕ ಬಿಚ್ಚುತ್ತಾರೆ. ಮತ್ತೆ ಅದೇ ಅಧ್ಯಾಯ, ಮೊದಲನೇ ಸಾಲಿನಿಂದ.

ಇವರು ಚಿಕ್ಕಬೋರಯ್ಯ, ಈ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಹಂಚುವುದು ಇವರ ಮನೆತನಕ್ಕೆ ಬಂದ ಕೆಲಸ. ಬೆಳಗಿನ ಹೊತ್ತು ಏಳು ಗದ್ದೆ, ಬಿಸಿಲೇರಿದ ಮೇಲೆ ಇನ್ನೂ ಹನ್ನೊಂದು. ದಿನಕ್ಕೆ ಮೂರು ಮೈಲಿಯಷ್ಟು ಬದುವಿನ ನಡಿಗೆ, ಒಂದು ಕಾಲು ಕೊಂಚ ಎಳೆಯುತ್ತಾ. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಭತ್ತ. ಅಂದಂದಿನ ಊಟ ಸರದಿಯವರ ಮನೆಯಿಂದ. ಆ ಊಟಕ್ಕೆ ತೂಬಿನ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಬುತ್ತಿ ತಂದವರು ಕೈಗೆ ಕೊಡದೆ ಅದರ ಮೇಲಿಟ್ಟು ದೂರ ಸರಿಯುತ್ತಾರೆ, ಅವರು ಹೋದ ಮೇಲೆ ಇವರು ಎತ್ತಿಕೊಳ್ಳುತ್ತಾರೆ. ಇವರ ಅಪ್ಪನಿಗೂ ಹಾಗೆಯೇ ನಡೆಯಿತು, ಅಜ್ಜನಿಗೂ ಹಾಗೆಯೇ.

ಇವರ ಸುದ್ದಿ ನನಗೆ ಹೇಳಿದ್ದು ನಮ್ಮ ಮಂಡ್ಯದ ಮನೆಗೆ ಬೆಣ್ಣೆ ತರುವ ಸೋಮಮ್ಮ. ಅವಳದು ಕಾಲುವೆಯ ತುದಿಯ ಗದ್ದೆ, ಏಳನೆಯದು. “ನಮ್ಮೂರಲ್ಲಿ ನೀರ ಗಳಿಗೇಲಿ ಅಳೆಯಕಿಲ್ಲ ಕಣಮ್ಮ, ಓದಿನಲ್ಲಿ ಅಳೀತೀವಿ” ಎಂದಳು. ನಾನು ನಕ್ಕೆ. “ನಗಬ್ಯಾಡಿ, ಬಂದು ನೋಡಿ. ಈ ಉಣ್ಣಿಮೆಗೆ ತೀರ್ಮಾನ ಅದೆ, ಆಮೇಲೆ ನೋಡೋಕೆ ಇರ್ತದೋ ಇಲ್ವೋ” ಎಂದಳು. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಏರು ಬಂದಲ್ಲೆಲ್ಲ ಇಳಿಸಿ ನಡೆಸಿದರೂ, ಹೇಗೋ ಕೆರಗೋಡು ಸೇರಿ, ಅಲ್ಲಿಂದ ನಡೆದು ಅವಳ ಮನೆಯಲ್ಲಿ ಇಳಿದುಕೊಂಡೆ.

ಚಿಕ್ಕಬೋರಯ್ಯನವರಿಗೆ ಈಗ ಐವತ್ತು. ನಲವತ್ತೆರಡರವರೆಗೆ ಒಂದಕ್ಷರ ಬರುತ್ತಿರಲಿಲ್ಲ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ತೂಬಿನ ಮೆಟ್ಟಿಲಿಂದ ಜಾರಿ ಕಾಲು ಮುರಿದು, ಮಂಡ್ಯದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದರು. ಅಲ್ಲಿನ ಕಾಂಪೌಂಡರ್ ಇಸಾಕ್ ದಿನಾ ಬೆಳಿಗ್ಗೆ ಔಷಧಿ ಹಂಚುವ ಮೊದಲು ಒಂದು ಪುಟ ಕ್ರೈಸ್ತರ ವೇದಪುಸ್ತಕ ಓದುತ್ತಿದ್ದರಂತೆ.

“ಯಾಕ್ ಸಾಮಿ ದಿನಾ ಓದ್ತೀರಿ, ನೆನ್ನೆ ಓದಿದ್ದು ಮರ್ತೋಯ್ತಾ ಅಂದೆ” ಎಂದು ಚಿಕ್ಕಬೋರಯ್ಯ ನೆನೆಯುತ್ತಾರೆ. “ನೀನು ನೆನ್ನೆ ಉಂಡಿದ್ದೆ, ಇವತ್ತು ಯಾಕೆ ಉಣ್ತೀಯ ಅಂದ್ರು. ಅದು ಸರಿ ಅನ್ನಿಸ್ತು. ನೆನ್ನೆ ಬುದ್ಧಿ ಇವತ್ಗೆ ಅಳಸೋಯ್ತದೆ ಕಣಮ್ಮ, ಮುದ್ದೆ ತರ. ನೀರು ಅಂಚೋನಿಗೆ ಬಲ ಇದ್ರೆ ಸಾಲದು, ಬುದ್ಧಿ ಬೇಕು. ನಮ್ಮಪ್ಪ ಬಡಿದಾಡಿ ನೀರು ಅಂಚ್ತಿದ್ದ. ನಂಗೆ ಕಾಲೂ ಇಲ್ಲ. ಅದ್ಕೆ ನಂಗೂ ಕಲ್ಸಿ ಅಂದೆ.”

ಇಸಾಕ್ ಔಷಧಿ ಪೆಟ್ಟಿಗೆಗಳ ಮೇಲಿನ ದೊಡ್ಡ ಅಕ್ಷರಗಳಿಂದ ಶುರು ಮಾಡಿದರು. ಕಾಲಿನ ಕಟ್ಟು ಬಿಚ್ಚುವ ಹೊತ್ತಿಗೆ ಚಿಕ್ಕಬೋರಯ್ಯ ಒತ್ತಕ್ಷರಕ್ಕೆ ಬಂದಿದ್ದರು. ಮನೆಗೆ ಹೊರಟಾಗ ಇಸಾಕ್ ತಮ್ಮದೇ ಪುಸ್ತಕವನ್ನು ಕೊಟ್ಟು ಕಳಿಸಿದರು. ಎರಡು ವರ್ಷದ ಮೇಲೆ ಚಿಕ್ಕಬೋರಯ್ಯ ಹೆಂಡತಿಯೊಡನೆ ಕ್ರೈಸ್ತರಾದರು. ಪಾದ್ರಿಗಳು ಸಮಾಧಾನಪ್ಪ ಎಂದು ಹೆಸರಿಟ್ಟರು. ಊರು ಅದನ್ನು ಹಚ್ಚಿಕೊಳ್ಳಲಿಲ್ಲ. “ನೀರಿನ ಜಗಳದ ಮದ್ಯೆ ನಿಂತ್ಕಂಡು ‘ಲೇ ಸಮಾಧಾನ’ ಅಂತ ಕೂಗ್ದೋರ್ಗೇ ನಗು ಬರೋದು. ಬೋರ ಅನ್ನಿ ಬುಡಿ ಅಂದೆ.”

ಬಿಸಿಲೇರಿದ ಮೇಲೆ ನೀರಿನ ಸರದಿಯನ್ನು ನೆಟ್ಟ ಕೋಲಿನ ನೆರಳಿನಿಂದ ಅಳೆಯುತ್ತಾರೆ. ಬೆಳಗಿನ ಏಳು ಗದ್ದೆಗೆ ನೆರಳು ಎಲ್ಲಿಂದ ಬರಬೇಕು? ಅಂದಾಜಿನ ಮೇಲೆ ನಡೆಯುತ್ತಿತ್ತು, ಅಂದಾಜು ಎಂದ ಮೇಲೆ ಜಗಳ. ಕೆರಗೋಡಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಬಾಬು ಜಾನ್ ಇಲ್ಲಿ ಐದನೇ ಗದ್ದೆಯ ಒಡೆಯ. ಈಗ್ಗೆ ನಾಲ್ಕು ತಿಂಗಳ ಹಿಂದೆ ಅವರು ಒಂದು ಟೈಂಪೀಸು ತಂದುಕೊಟ್ಟರು. ಅದು ಮೂರನೇ ದಿನಕ್ಕೆ ಕಾಲುವೆಗೆ ಬಿತ್ತು. ಆಗ ಆರನೇ ಗದ್ದೆಯ ಕೆಂಪಯ್ಯ ಹೇಳಿದನಂತೆ: “ಅದ್ಯಾಕ್ಲಾ ಬೋರ, ನೀನು ಎಂಗೂ ಓದ್ತಾ ಕೂರ್ತೀಯ. ಒಂದು ಅದ್ಯಾಯ ಮುಗಿಯಗಂಟ ಒಂದು ಗದ್ದೆಗೆ ಬುಡು. ಎಲ್ರಿಗೂ ಒಂದೊಂದು.” ಅಕ್ಷರ ಕೂಡಿಸಿ ಓದುವವರಿಗೆ ಒಂದು ಅಧ್ಯಾಯಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಎಲ್ಲರೂ ಒಪ್ಪಿದರು. ಗದ್ದೆಗೊಂದರಂತೆ, ಪುಸ್ತಕದಲ್ಲಿ ಬಂದ ಕ್ರಮದಲ್ಲೇ ಅಧ್ಯಾಯಗಳು ನಡೆದವು. ದೊಡ್ಡದು, ಚಿಕ್ಕದು ಇವತ್ತು ಒಬ್ಬನಿಗೆ ಬಂದರೆ ನಾಳೆ ಇನ್ನೊಬ್ಬನಿಗೆ. ಯಾರೂ ಗೊಣಗಲಿಲ್ಲ.

ಹೀಗೆ ಓದುತ್ತಾ ಓದುತ್ತಾ ಹೋದ ತಿಂಗಳು ಕೀರ್ತನೆಗಳ ಭಾಗಕ್ಕೆ ಬಂದರು. ಒಂದು ಬೆಳಿಗ್ಗೆ ಮೊದಲ ಮೂರು ಗದ್ದೆಗೆ ಸಾಧಾರಣ ಕೀರ್ತನೆಗಳು ಬಂದವು. ನಾಲ್ಕನೆಯದು ಶಿವಯ್ಯನ ಗದ್ದೆ. ಅವನ ಪಾಲಿಗೆ ಬಂದದ್ದು ನೂರ ಹದಿನೇಳನೇ ಕೀರ್ತನೆ. ಅದರಲ್ಲಿರುವುದು ಎರಡೇ ವಚನ. ನೀರು ಬದುವಿನ ಹುಲ್ಲು ತೋಯಿಸುವಷ್ಟರಲ್ಲಿ ಓದು ಮುಗಿಯಿತು, ಬಾಯಿ ಮುಚ್ಚಿತು. ಬಾಬು ಜಾನರಿಗೆ ಇಪ್ಪತ್ತೊಂಬತ್ತು ವಚನ ಬಂದವು. ಕೆಂಪಯ್ಯನ ಗದ್ದೆಗೆ ಬಂದದ್ದು ಪುಸ್ತಕದಲ್ಲೆಲ್ಲ ಅತಿ ಉದ್ದದ ಅಧ್ಯಾಯ, ನೂರ ಎಪ್ಪತ್ತಾರು ವಚನ!

ನೀರು ಗದ್ದೆ ತುಂಬಿತು, ಬದು ಹತ್ತಿತು, ಬದು ಒಡೆಯಿತು. ಇವರು ಓದುತ್ತಲೇ ಇದ್ದರು. ಕೆಂಪಯ್ಯ ಅಂದು ಮದ್ದೂರಿಗೆ ಹೋಗಿದ್ದ. ಶಿವಯ್ಯ ಮಾತ್ರ ಬದುವಿನ ಮೇಲೆ ಕುಣಿದಾಡುತ್ತಿದ್ದ.

“ನಿಲ್ಲಿಸ್ಬಾರದಿತ್ತಾ?” ಎಂದು ನಾನು ಕೇಳುತ್ತೇನೆ.

“ಎಂಗ್ ನಿಲ್ಸಾದು ಕಣಮ್ಮ? ಒಪ್ಪಂದ ಒಪ್ಪಂದಾನೇ. ಸಿವಯ್ಯಂಗೆ ಎರಡೇ ಸಾಲು ಓದಿ ಮುಚ್ಚಿವ್ನಿ. ಕೆಂಪಯ್ಯಂಗೆ ಅರ್ಧಕ್ಕೆ ನಿಲ್ಸಿದ್ರೆ ನ್ಯಾಯ ತಪ್ತದೆ. ಮ್ಯಾಲಾಗಿ ದೇವ್ರ ಮಾತ ಕತ್ತರ್ಸೋಕೆ ನಾನ್ಯಾರು? ನೀರು ಒಡ್ಕಂಡು ಓಯ್ತಾ ಅದೆ, ಓದು ಮುಗೀತಾ ಇಲ್ಲ. ಅಳ್ತಾ ಅಳ್ತಾ ಓದ್ದೆ.”

ಅದು ಮುಗಿದಾಗ ಸೂರ್ಯ ನೆತ್ತಿಯ ಹತ್ತಿರ. ಬೆಳಗಿನ ಸರದಿ ಮುಗಿದು ಹೋಗಿತ್ತು. ಸೋಮಮ್ಮನ ಗದ್ದೆಗೆ ಒಂದು ಹನಿಯೂ ಸಿಗಲಿಲ್ಲ. ಅವತ್ತು ಸಂಜೆ ಚಿಕ್ಕಬೋರಯ್ಯ ಆ ಕಾಲೆಳೆದುಕೊಂಡೇ ಕೆರೆಯಿಂದ ಅರವತ್ತು ಕೊಡ ನೀರು ಹೊತ್ತು ಅವಳ ಹೊಸ ಪೈರಿನ ಬುಡಕ್ಕೆ ಹಾಕಿದರು. ಇದನ್ನು ಅವರು ನನಗೆ ಹೇಳಲಿಲ್ಲ. ಸೋಮಮ್ಮ ಹೇಳಿದಳು.

ಊರಿನವರು ಸೇರಿದರು. “ನನ್ನ ಗದ್ದೇಲಿ ಮೀನು ಸಾಕ್ಬೋದು ಕಣ್ರಲಾ” ಎಂದು ಕೆಂಪಯ್ಯ. “ನಂಗೆ ಇಪ್ಪತ್ತೊಂಬತ್ತು ಸಿಕ್ಕದೆ, ನಂಗ್ಯಾಕೆ ತಕರಾರು” ಎಂದು ಬಾಬು ಜಾನ್. ಶಿವಯ್ಯನಿಗೆ ಮಾತ್ರ ನಗು ಬರಲಿಲ್ಲ. “ಬೇಕಾದೋರ್ಗೆ ನೂರೆಪ್ಪತ್ತು, ಬ್ಯಾಡದೋರ್ಗೆ ಎರಡು. ಪುಸ್ತಕನ ಮನೇಲಿ ಇಡ್ಲಿ. ಇಲ್ದಿದ್ರೆ ಸನಿಕೆ ಕೆಳಗಿಡ್ಲಿ” ಎಂದ.

ಚಿಕ್ಕಬೋರಯ್ಯ ಒಂದು ದಿನದ ವಾಯಿದೆ ಕೇಳಿದರು. ಮರುದಿನ ಬೆಳಿಗ್ಗೆ ಓದಿಕೊಂಡು, ಯೋಚಿಸಿಕೊಂಡು ಬಂದು ಹೇಳಿದ್ದು ಇಷ್ಟು: ಇನ್ನು ಮೇಲೆ ದಿನಕ್ಕೆ ಒಂದೇ ಅಧ್ಯಾಯ. ಅದನ್ನೇ ಏಳು ಗದ್ದೆಗೆ ಏಳು ಸಲ. ತೀರ ಚಿಕ್ಕದಿದ್ದರೆ ಎರಡು ಸೇರಿಸಿ, ತೀರ ದೊಡ್ಡದಿದ್ದರೆ ಎರಡು ದಿನಕ್ಕೆ ಒಡೆದು.

“ಕತ್ತರ್ಸೋಕೆ ನಾನ್ಯಾರು ಅಂದಿದ್ರಲ್ಲ?” ನಾನು ತಮಾಷೆಗೆ ಕೆಣಕುತ್ತೇನೆ.

ಅವರು ನಗುತ್ತಾರೆ. ಮುಂದಿನ ಒಂದು ಹಲ್ಲಿಲ್ಲ. “ದೇವ್ರು ಆ ಮಾತ ಯೋಳಿದ್ದು ಕೆಂಪಯ್ಯನ ಬದು ಒಡೆಯೋಕಲ್ವಲ್ಲ ಕಣಮ್ಮ. ಅಷ್ಟು ತಿಳಿಯೋಕೆ ನಂಗೆ ಎಂಟು ವರ್ಸ ಬೇಕಾಯ್ತು.”

ಒಂದು ತಿಂಗಳು ನೋಡೋಣ ಎಂದು ಹಿರಿಯರು ಹೇಳಿದರು. ಹುಣ್ಣಿಮೆಯಿಂದ ಹುಣ್ಣಿಮೆಗೆ. ಕೊನೆಯ ದಿನ, ದೂರು ಕೊಟ್ಟವನ ಬಾಯಿಂದಲೇ ಸರಿ ಅಂತ ಬರಬೇಕು. ಇಲ್ಲದಿದ್ದರೆ ಪುಸ್ತಕವೋ ಸನಿಕೆಯೋ, ಒಂದು. “ಸನಿಕೆ ಬುಟ್ರೆ ಒಟ್ಟೆಗಿಲ್ಲ. ಪುಸ್ತಕ ಮನೇಲಿಟ್ರೆ, ರಾತ್ರಿ ದಣಿದು ಬಂದು ಓದೋಕೆ ಕಣ್ಣೇ ಬಿಡೋಕಾಗಕಿಲ್ಲ. ಆಮೇಲೂವೆ, ನಂಗೆ ಬುದ್ಧಿ ಬೇಕಾಗೋದು ಈ ನೀರಿನ ಮುಂದೇನೇ” ಎನ್ನುತ್ತಾರೆ ಚಿಕ್ಕಬೋರಯ್ಯ.

ಅಂದಿನಿಂದ ಶಿವಯ್ಯ ದಿನಾ ಬೆಳಿಗ್ಗೆ ಕಾವಲಿಗೆ ಬರುತ್ತಾನೆ. ಯಾರಿಗೂ ಹೆಚ್ಚುಕಮ್ಮಿ ಆಗಬಾರದೆಂದು ಏಳೂ ಓದನ್ನು ಕೂತು ಕೇಳುತ್ತಾನೆ. ನಾನು ಹೋದದ್ದು ಆ ಹುಣ್ಣಿಮೆಯ ದಿನ, ಅವನು ಅಲ್ಲೇ ಇದ್ದ. ಎರಡು ಮಾರು ದೂರದಲ್ಲಿ, ಟವೆಲು ತಲೆಗೆ ಸುತ್ತಿ, ಮುಖ ಗಂಟು ಹಾಕಿಕೊಂಡು. ಮೂರನೇ ಗದ್ದೆಯಲ್ಲಿ ಚಿಕ್ಕಬೋರಯ್ಯನವರ ಬೆರಳು ಒಂದು ಸಾಲು ಜಾರಿತು.

“ಲೇ! ಒಂದು ಬುಟ್ಬುಟ್ಟೆ ಕಣ್ಲಾ” ಶಿವಯ್ಯ ಕೂಗಿದ.

“ಎಲ್ಲಿ ಬುಟ್ನಪ್ಪ?”

“ಆ ಮುದುಕ ಮಗನ್ನ ಕರೆದ ಮ್ಯಾಲೆ ಬುದ್ಧಿ ಯೋಳೋ ಮಾತು ಬರ್ಬೇಕು. ಸುರುವಿಂದ ಓದು.”

ಶುರುವಿನಿಂದ ಓದಿದರೆ ಆ ಗದ್ದೆಗೆ ನೀರು ಹೆಚ್ಚಾಗುತ್ತದೆಂದು ಚಿಕ್ಕಬೋರಯ್ಯ ನೆನಪಿಸಿದರು. “ಅಂಗಾರೆ ಬುಟ್ಟಿದ್ದ ಮಾತ್ರ ಓದು” ಎಂದು ಶಿವಯ್ಯ ಅಪ್ಪಣೆ ಕೊಟ್ಟ. ನನ್ನ ಪಕ್ಕದಲ್ಲಿ ಸೋಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ನಾಲ್ಕನೇ ಗದ್ದೆಗೆ ಬೆಳಕು ಬಂತು. ಚಿಕ್ಕಬೋರಯ್ಯ ಹಣತೆ ಆರಿಸಿ, ಉಳಿದ ಎಣ್ಣೆ ಚೆಲ್ಲದಂತೆ ಮಡಕೆಯೊಳಗಿಟ್ಟರು. ಯುದ್ಧ ಮುಗಿದರೂ ಸೀಮೆಎಣ್ಣೆಗೆ ಇನ್ನೂ ರೇಷನ್ ಕಾರ್ಡು. ಈ ಎಣ್ಣೆ ಹೆಂಡತಿ ಹೊಂಗೆ ಬೀಜ ಆಯ್ದು ತಂದು ತೆಗೆಸಿದ್ದು. ದಾರಿಯಲ್ಲಿ ನಾನು ಕೇಳಿದೆ: ಒಂದೇ ಅಧ್ಯಾಯ ಏಳು ಸಲ ಓದಿ ಬೇಸರ ಬರುವುದಿಲ್ಲವೇ?

“ಮೊದ್ಲು ಬತ್ತಿತ್ತು. ಈಗ ಯೋಳ್ತೀನಿ ಕೇಳಿ. ಮೊದಲ್ನೇ ಗದ್ದೇಲಿ ಬರೀ ಅಕ್ಸರ. ಮೂರ್ನೇದ್ರಲ್ಲಿ ಮಾತು. ಐದ್ನೇದ್ರಲ್ಲಿ, ಓ ಇದು ಯಾರೋ ಯಾರ್ಗೋ ಯೋಳಿದ್ದು ಅಂತ ಅನ್ನಿಸ್ತದೆ. ಏಳ್ನೇದಕ್ಕೆ ಬಂದ್ರೆ, ಅದು ನಂಗೇ ಯೋಳ್ತಾ ಇರೋದು. ಎಂಟು ವರ್ಸ ಒಂದೊಂದೇ ಸಲ ಓದ್ಕಂಡು ಮುಂದಕ್ಕೋದೆ ಕಣಮ್ಮ. ಓದಿದ್ದೆ, ಕೇಳಿರ್ನಿಲ್ಲ. ಸಿವಯ್ಯ ಜಗಳ ಆಡ್ದಿದ್ರೆ ಇದು ಗೊತ್ತಾಯ್ತಿರ್ನಿಲ್ಲ.”

ಹಿಂದೆ ಬರುತ್ತಿದ್ದ ಶಿವಯ್ಯ ಕೆಮ್ಮಿದ.

ಏಳನೆಯದು ಸೋಮಮ್ಮನ ಗದ್ದೆ. ಚಿಕ್ಕಬೋರಯ್ಯ ಬಾಯಿ ತೆಗೆದು ಕೂತರು. ಓದು ಶುರುವಾಯಿತು. ಒಂದೊಂದು ವಾಕ್ಯದ ಕೊನೆಗೆ ನಿಲ್ಲುತ್ತಿದ್ದರು, ನೀರಿನ ಕಡೆ ನೋಡುತ್ತಿದ್ದರು, ಮತ್ತೆ ಮುಂದುವರಿಸುತ್ತಿದ್ದರು. ನನಗೇ ಗೊತ್ತಾಯಿತು, ಈ ಓದು ನಿಧಾನ. ಸೋಮಮ್ಮನ ಕೈ ನನ್ನ ಕೈಯನ್ನು ಹಿಡಿಯಿತು. ಓದು ಮುಗಿದು ಗದ್ದೆಯ ಬಾಯಿ ಮುಚ್ಚಿದ ಮೇಲೆ ಶಿವಯ್ಯ ಎದ್ದು ನಿಂತ.

“ಇದು ನಿದಾನ ಆಯ್ತು ಕಣ್ಲಾ.”

“ಆಯ್ತು” ಎಂದರು ಚಿಕ್ಕಬೋರಯ್ಯ. ಮುಚ್ಚಿಡುವ ಯತ್ನವನ್ನೇ ಮಾಡಲಿಲ್ಲ.

“ದಿನಾ ನಿದಾನ.”

“ದಿನಾನೂ ನಿದಾನ. ತೂಬಿಂದ ಇಲ್ಲಿಗೆ ಬರೋ ಒತ್ಗೆ ಅರ್ಧ ನೀರ ಕಾಲುವೇನೇ ಕುಡ್ಕತದೆ. ಸಮವಾಗಿ ಓದಿದ್ರೆ ಈಯಮ್ಮಂಗೆ ಸಮ ಬರಕಿಲ್ಲ. ನಾನು ಅಳೆಯಾದು ಓದ್ನಲ್ಲ ಸಿವಯ್ಯ, ನೀರ್ನ. ಕಡ್ಡಿ ಅದ್ದಿ ನೋಡು. ಏಳರಲ್ಲಿ ಒಂದ್ರಲ್ಲಿ ಎಚ್ಚಿದ್ರೂ ಸನಿಕೆ ನೀನೇ ಇಸ್ಕೊ.”

ಶಿವಯ್ಯ ಹಂಚಿಕಡ್ಡಿ ಮುರಿದುಕೊಂಡ. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದು ಅದ್ದಿದ. ಉಗುರಿನಿಂದ ಗುರುತು ಮಾಡಿಕೊಂಡ. ಆಮೇಲೆ ಕಾಲುವೆಯುದ್ದಕ್ಕೂ ಹಿಂದಕ್ಕೆ ನಡೆದ. ಆರು, ಐದು, ನಾಲ್ಕು. ತನ್ನ ಗದ್ದೆಯಲ್ಲಿ ಎರಡು ಸಲ ಅದ್ದಿದ. ಮೊದಲನೆಯದರಲ್ಲಿ ಕೊನೆಯ ಸಲ ಅದ್ದಿ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಅಲ್ಲೂ ನೀರು ಅದೇ ಉಗುರಿನ ಗುರುತಿಗೆ. ಕಡ್ಡಿಯನ್ನು ನೀರಿಗೆ ಎಸೆದ. ಊರಿನ ಕಡೆ ಹೊರಟುಹೋದ.

ಚಿಕ್ಕಬೋರಯ್ಯ ಸನಿಕೆ ತೊಳೆದು ತೂಬಿನ ಗೋಡೆಗೆ ಒರಗಿಸಿದರು. ಪುಸ್ತಕ ಎದೆಯ ಮೇಲೇ ಇತ್ತು. “ಇವತ್ತಿನ ಊಟ ಅವರ ಮನೆ ಸರದಿ. ಕೋಪದಲ್ಲಿ ಅದೂ ಇಲ್ವೇನೋ” ಎಂದು ನಕ್ಕರು. ಏನಾಗಬೇಕು ಅಂತ ನಿಮ್ಮ ಆಸೆ ಎಂದು ನಾನು ಕೇಳಿದೆ. ಎದೆಯ ಮೇಲಿನ ಪುಸ್ತಕದ ಗಂಟು ಸರಿಮಾಡಿಕೊಂಡರು. “ನಾಳೆ ಬರೋದು ಒಳ್ಳೆ ಅದ್ಯಾಯ. ಅದ ಏಳು ಸಲ ಓದ್ಬೇಕು ಕಣಮ್ಮ, ಅಷ್ಟೇ.”

ಏರಿಯ ತಿರುವಿನಲ್ಲಿ ಶಿವಯ್ಯ ಕಾಣಿಸಿಕೊಂಡ. ಕೈಯಲ್ಲಿ ಎಲೆ ಮುಚ್ಚಿದ ಕಂಚಿನ ತಟ್ಟೆ. ಹುರುಳಿ ಬಸ್ಸಾರಿನ ಘಮ ಅವನಿಗಿಂತ ಮುಂಚೆ ನಮ್ಮನ್ನು ಮುಟ್ಟಿತು. ಚಿಕ್ಕಬೋರಯ್ಯ ಎದ್ದು ರೂಢಿಯಂತೆ ಕಲ್ಲಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

ಶಿವಯ್ಯ ಕಲ್ಲಿನ ಹತ್ತಿರ ನಿಲ್ಲಲಿಲ್ಲ. ಅದನ್ನು ದಾಟಿ, ಆ ನಾಲ್ಕು ಹೆಜ್ಜೆ ತಾನೇ ನಡೆದು, ತಟ್ಟೆಯನ್ನು ಅವರ ಎರಡೂ ಕೈಗೆ ಕೊಟ್ಟ.

“ಬಿಸಿ ಅದೆ, ಉಸಾರು” ಎಂದ.